ಹನ್ನೊಂದು ಸಂಚಿಕೆಗಳಿಗೆ ನಿಂತ ‘ಪ್ಲೇಮೇಕರ್ಸ್’: ಆಟದ ಹಕ್ಕು ಕೊಂಡವರು ಆಟಗಾರರ ಕಥೆ ಹೇಳಬಲ್ಲರೇ?

ತುಂಗಾತೀರ

ನಡುವಿನಲ್ಲೇ ನಿಂತುಹೋದ ಧಾರಾವಾಹಿಗಳ ಬಗ್ಗೆ ನಾವು ಈ ಚರ್ಚಾ ವೇದಿಕೆಯಲ್ಲಿ ಹಲವು ಬಾರಿ ಮಾತನಾಡಿದ್ದೇವೆ. ಹೆಚ್ಚಿನವು ನೋಡುಗರಿಲ್ಲದೆ ನಿಂತವು, ಕೆಲವು ನಿರ್ಮಾಪಕರ ಕೈ ಬರಿದಾಗಿ ನಿಂತವು. ನಾನು ಇಂದು ಹೇಳಹೊರಟಿರುವ ಧಾರಾವಾಹಿಗೆ ನೋಡುಗರೂ ಇದ್ದರು, ಹಣವೂ ಇತ್ತು, ವಿಮರ್ಶಕರ ಮೆಚ್ಚುಗೆಯೂ ಇತ್ತು. ಆದರೂ ಒಂದೇ ಸೀಸನ್‌ಗೆ, 11 ಸಂಚಿಕೆಗಳಿಗೆ, ಅದನ್ನು ನಿಲ್ಲಿಸಲಾಯಿತು. 2003ರ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಅಮೆರಿಕದ ಇಎಸ್‌ಪಿಎನ್ ಕ್ರೀಡಾ ವಾಹಿನಿಯಲ್ಲಿ ಮಂಗಳವಾರ ರಾತ್ರಿ ಬರುತ್ತಿದ್ದ ಆ ಧಾರಾವಾಹಿಯ ಹೆಸರು ‘ಪ್ಲೇಮೇಕರ್ಸ್’. ಅದನ್ನು ರೂಪಿಸಿದವರು ಜಾನ್ ಐಸೆಂಡ್ರಾತ್. ದಿನವಿಡೀ ಪಂದ್ಯ ಮತ್ತು ಸುದ್ದಿಗಳನ್ನೇ ತೋರಿಸುತ್ತಿದ್ದ ಆ ವಾಹಿನಿಯ ಮೊದಲ ಕಥಾ ಧಾರಾವಾಹಿ ಅದು.

ಆಗ ನಾನು ಪಿಟ್ಸ್‌ಬರ್ಗ್‌ನಲ್ಲಿ ಓದುತ್ತಿದ್ದೆ. ಅಲ್ಲಿ ಫುಟ್‌ಬಾಲ್ ಎಂದರೆ ನಾವು ಊರಿನಲ್ಲಿ ಕಾಲಿನಿಂದ ಒದ್ದು ಆಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು ಓಡುವವನನ್ನು ಎದುರಾಳಿಗಳು ಮೈಮೇಲೆ ಬಿದ್ದು ಕೆಡವುವ ಆಟ. ಮೊದಲ ವರ್ಷ ನನಗೆ ಅದರ ತಲೆಬುಡ ತಿಳಿಯಲಿಲ್ಲ. ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಅಜ್ಜರೊಬ್ಬರಿದ್ದರು. ಭಾನುವಾರಗಳಂದು ಆ ಊರಿನ ಸ್ಟೀಲರ್ಸ್ ತಂಡದ ಪಂದ್ಯ ನೋಡುತ್ತಾ ಅವರೇ ನನಗೆ ನಿಯಮಗಳನ್ನು ಕಲಿಸಿದರು. ಮಂಗಳವಾರ ರಾತ್ರಿಯ ಧಾರಾವಾಹಿಯನ್ನೂ ಅವರ ಟಿವಿಯಲ್ಲಿಯೇ ನೋಡಿದೆ.

ಕಥೆ ‘ಕೂಗರ್ಸ್’ ಎಂಬ ಕಾಲ್ಪನಿಕ ತಂಡದ್ದು. ಅದು ಯಾವ ಊರಿನ ತಂಡವೆಂದು ಹೇಳುವುದಿಲ್ಲ, ಲೀಗಿನ ಹೆಸರನ್ನೂ ಹೇಳುವುದಿಲ್ಲ. ಓಮರ್ ಗುಡಿಂಗ್ ನಟಿಸಿದ ಡಿಮಿಟ್ರಿಯಸ್ ಹ್ಯಾರಿಸ್ ಹೊಸದಾಗಿ ಸೇರಿದ ಪ್ರತಿಭಾವಂತ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ), ಮಾದಕ ವಸ್ತುವಿನ ವ್ಯಸನಿ. ರಸಲ್ ಹಾರ್ನ್ಸ್‌ಬಿ ನಟಿಸಿದ ಲಿಯಾನ್ ಟೇಲರ್ ಗಾಯದಿಂದ ಚೇತರಿಸಿಕೊಂಡು ಬರುವಷ್ಟರಲ್ಲಿ ತನ್ನ ಜಾಗ ಈ ಹುಡುಗನ ಪಾಲಾಗಿರುವುದನ್ನು ಕಾಣುವ ಹಿರಿಯ ಆಟಗಾರ. ಜೇಸನ್ ಮ್ಯಾಥ್ಯೂ ಸ್ಮಿತ್ ನಟಿಸಿದ ಎರಿಕ್ ಓಲ್ಚಿಕ್ ಎಂಬ ಲೈನ್‌ಬ್ಯಾಕರ್ (ಓಡಿಬರುವವರನ್ನು ಕೆಡವುವ ರಕ್ಷಣಾ ಆಟಗಾರ), ತನ್ನ ಹೊಡೆತದಿಂದ ಎದುರಾಳಿಯೊಬ್ಬ ಪಾರ್ಶ್ವವಾಯುವಿಗೆ ತುತ್ತಾದ ಬಳಿಕ ಮತ್ತೆ ಯಾರನ್ನೂ ಮನಸ್ಸಿಟ್ಟು ಹೊಡೆಯಲಾರದೆ ಒದ್ದಾಡುತ್ತಾನೆ. ಮೂತ್ರ ಪರೀಕ್ಷೆಯ ಭಯದ ಸುತ್ತಲೇ ಹೆಣೆದ ಸಂಚಿಕೆಯೊಂದಿದೆ. ತಾನು ಸಲಿಂಗಿಯೆಂಬುದು ತಂಡಕ್ಕೆ ತಿಳಿದರೆ ಏನಾದೀತೆಂದು ಹೆದರುವ ಆಟಗಾರನೂ ಇದ್ದಾನೆ.

ಎನ್‌ಎಫ್‌ಎಲ್ ಎಂಬ ಅಲ್ಲಿನ ವೃತ್ತಿಪರ ಲೀಗಿಗೆ ಇದು ಆರಂಭದಿಂದಲೇ ಹಿಡಿಸಲಿಲ್ಲ. ಲೀಗಿನ ಮುಖ್ಯಸ್ಥರಾದ ಕಮಿಷನರ್ ಪಾಲ್ ಟ್ಯಾಗ್ಲಿಯಾಬ್ಯೂ ತಮ್ಮ ಆಕ್ಷೇಪವನ್ನು ಇಎಸ್‌ಪಿಎನ್‌ನ ಒಡೆತನ ಹೊಂದಿದ್ದ ಡಿಸ್ನಿಯ ಮುಖ್ಯಸ್ಥ ಮೈಕೆಲ್ ಐಸ್ನರ್ ಅವರಿಗೇ ತಲುಪಿಸಿದರು. ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಜೆಫ್ರಿ ಲೂರಿ, ಡಿಸ್ನಿಯ ಕಾರ್ಟೂನ್ ಪಾತ್ರವಾದ ಮಿನ್ನಿ ಮೌಸ್ ಅನ್ನು ಯಾರಾದರೂ ಮಾದಕ ವಸ್ತುಗಳ ದೊರೆಯಂತೆ ಚಿತ್ರಿಸಿದರೆ ಡಿಸ್ನಿಗೆ ಹೇಗಾದೀತೆಂದು ಕೇಳಿದರು. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಆ ವರ್ಷದ ಶ್ರೇಷ್ಠ ಟಿವಿ ಕಾರ್ಯಕ್ರಮಗಳ ಪಟ್ಟಿಯಲ್ಲಿ ಇದನ್ನು ಸೇರಿಸಿತ್ತು. ಆದರೂ 2004ರ ಫೆಬ್ರವರಿಯಲ್ಲಿ ವಾಹಿನಿ ಎರಡನೆಯ ಸೀಸನ್ ಇಲ್ಲವೆಂದು ಪ್ರಕಟಿಸಿತು. ಕಾರ್ಯಕ್ರಮಗಳ ಹೊಣೆ ಹೊತ್ತಿದ್ದ ಮಾರ್ಕ್ ಶಪೀರೊ ಇದರಲ್ಲಿ ಏನನ್ನೂ ಮರೆಮಾಚಲಿಲ್ಲ. ಪಾಲುದಾರರ, ಅಂದರೆ ಲೀಗಿನ, ವಿರೋಧವನ್ನು ಕಟ್ಟಿಕೊಂಡು ಇದನ್ನು ಮುಂದುವರಿಸುವುದು ತಮ್ಮ ಕೆಲಸವಲ್ಲ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು.

ನನ್ನನ್ನು ಇಷ್ಟು ವರ್ಷ ಬಿಡದೆ ಕಾಡುತ್ತಿರುವುದು ಆ ‘ಪಾಲುದಾರ’ ಎಂಬ ಪದ. ಒಂದು ವಾಹಿನಿ ಆಟವನ್ನು ತೋರಿಸುವ ಹಕ್ಕನ್ನು ಕೊಂಡುಕೊಂಡಾಗ, ಆ ಆಟವನ್ನು ಆಡುವವರ ಬದುಕಿನ ಬಗ್ಗೆ ಮಾತನಾಡುವ ಹಕ್ಕನ್ನು ಅದೇ ಕೈಯಿಂದ ಬಿಟ್ಟುಕೊಡುತ್ತದೆ ಎಂದು ನನಗೆ ಅನಿಸುತ್ತದೆ. ಈ ಧಾರಾವಾಹಿಯನ್ನು ನೋಡಿದವರು, ನೋಡದಿದ್ದರೂ ಈ ವಿಷಯದ ಬಗ್ಗೆ ಯೋಚಿಸಿದವರು ದಯವಿಟ್ಟು ಬರೆಯಬೇಕು.

ಮೂರನೇ ಅಂಕ

ತುಂಗಾತೀರ ಅವರೇ, ನಾನು ಬೆಂಗಳೂರಿನಲ್ಲಿ ಧಾರಾವಾಹಿಗಳಿಗೆ ಚಿತ್ರಕಥೆ ಬರೆಯುವವಳು. ಈ ಧಾರಾವಾಹಿಯ ಕೆಲವು ಸಂಚಿಕೆಗಳನ್ನು ಬಹಳ ಹಿಂದೆ ಗೆಳತಿಯೊಬ್ಬಳ ಡಿವಿಡಿಯಲ್ಲಿ ನೋಡಿದ್ದೇನೆ. ಬರವಣಿಗೆಯ ದೃಷ್ಟಿಯಿಂದ ಒಂದು ಮಾತು ಹೇಳಬೇಕು. ಪಾತ್ರದ ಮನಸ್ಸಿನ ಮಾತನ್ನು ಹಿನ್ನೆಲೆ ದನಿಯಲ್ಲಿ ಕೇಳಿಸುವುದನ್ನು ನಮ್ಮ ವೃತ್ತಿಯಲ್ಲಿ ಬಹುತೇಕ ಸೋಲೆಂದೇ ಭಾವಿಸುತ್ತಾರೆ. ದೃಶ್ಯದಲ್ಲಿ ತೋರಿಸಲಾಗದವರು ದನಿಯಲ್ಲಿ ಹೇಳಿಸುತ್ತಾರೆಂಬ ಆರೋಪವಿದೆ. ‘ಪ್ಲೇಮೇಕರ್ಸ್’ನಲ್ಲಿ ಆ ದನಿ ಉದ್ದಕ್ಕೂ ಇದೆ, ಅದಿಲ್ಲದೆ ಕಥೆ ನಿಲ್ಲುವುದೂ ಇಲ್ಲ. ಡ್ರೆಸ್ಸಿಂಗ್ ರೂಮಿನಲ್ಲಿ ಕುಳಿತ ಗಂಡಸರಲ್ಲಿ ಒಬ್ಬನೂ ಪಕ್ಕದವನಿಗೆ ‘ನನಗೆ ಭಯವಾಗುತ್ತಿದೆ’ ಎಂದು ಹೇಳಲಾರ. ಹೇಳಿದ ಮರುದಿನ ಅವನ ಜಾಗದಲ್ಲಿ ಇನ್ನೊಬ್ಬನಿರುತ್ತಾನೆ. ಹಾಗಾಗಿ ಬಾಯಿ ಒಂದನ್ನು ಹೇಳುತ್ತಿರುವಾಗ ಒಳಗಿನ ದನಿ ಇನ್ನೊಂದನ್ನು ಹೇಳುತ್ತದೆ. ಸಾಮಾನ್ಯವಾಗಿ ದೌರ್ಬಲ್ಯವಾಗುವ ತಂತ್ರ ಇಲ್ಲಿ ವಸ್ತುವಿನ ಅಗತ್ಯದಿಂದಲೇ ಹುಟ್ಟಿದೆ.

ಇನ್ನು ಹಣದ ವಿಷಯ. ಆಗ ಇಎಸ್‌ಪಿಎನ್ ಭಾನುವಾರ ರಾತ್ರಿಯ ಪಂದ್ಯಗಳಿಗಾಗಿ ಎನ್‌ಎಫ್‌ಎಲ್‌ಗೆ ವರ್ಷಕ್ಕೆ ಸುಮಾರು 60 ಕೋಟಿ ಡಾಲರ್ ಕೊಡುತ್ತಿತ್ತು. ಡಿಸ್ನಿಯದೇ ಆದ ಎಬಿಸಿ ವಾಹಿನಿಯ ಬಳಿ ಸೋಮವಾರ ರಾತ್ರಿಯ ಪಂದ್ಯಗಳ ಹಕ್ಕಿತ್ತು. ಎರಡೂ ಒಪ್ಪಂದಗಳು 2005ರ ಸೀಸನ್‌ಗೆ ಮುಗಿಯಲಿದ್ದವು. ಅಂದರೆ ಧಾರಾವಾಹಿಯ ಎರಡನೆಯ ಸೀಸನ್ ತೆರೆಯ ಮೇಲೆ ಬರುವ ಹೊತ್ತಿಗೇ ಹೊಸ ಒಪ್ಪಂದದ ಮಾತುಕತೆ ನಡೆಯಬೇಕಿತ್ತು. ಒಂದು ಗಂಟೆಯ ಧಾರಾವಾಹಿಗೆ ಎಷ್ಟೇ ಖರ್ಚಾಗಲಿ, ಎಷ್ಟೇ ಜಾಹೀರಾತು ಬರಲಿ, ತಕ್ಕಡಿಯ ಆ ಬದಿಯಲ್ಲಿ ಇಷ್ಟು ಭಾರವಿದ್ದಾಗ ಈ ಬದಿಯ ಲೆಕ್ಕವನ್ನು ಯಾರೂ ತೆರೆದು ನೋಡುವುದಿಲ್ಲ. 2005ರಲ್ಲಿ ಇಎಸ್‌ಪಿಎನ್ ಸೋಮವಾರದ ಪಂದ್ಯಗಳನ್ನು ವರ್ಷಕ್ಕೆ 110 ಕೋಟಿ ಡಾಲರ್‌ಗೆ ಪಡೆದುಕೊಂಡಿತು. ಧಾರಾವಾಹಿಯನ್ನು ನಿಲ್ಲಿಸಿದ್ದರಿಂದಲೇ ಆ ಒಪ್ಪಂದ ಸಿಕ್ಕಿತೆಂದು ನಾನು ಹೇಳುತ್ತಿಲ್ಲ. ಅಂಥ ಮಾತುಕತೆ ಎದುರಿಗಿದ್ದಾಗ ಯಾವ ವಾಹಿನಿಯೂ ಲೀಗಿನ ಮುನಿಸನ್ನು ಮನೆಯಲ್ಲಿಟ್ಟುಕೊಳ್ಳಲು ಬಯಸುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಬಯಲುಸೀಮೆ

ಇಬ್ಬರ ಬರಹಗಳನ್ನೂ ಗಮನವಿಟ್ಟು ಓದಿದೆ. ಧಾರಾವಾಹಿಯನ್ನು ನಿಲ್ಲಿಸಿದ ರೀತಿ ತಪ್ಪೆಂಬುದನ್ನು ಒಪ್ಪುತ್ತೇನೆ, ಆದರೆ ಅದಕ್ಕೆ ಹುತಾತ್ಮ ಪಟ್ಟ ಕಟ್ಟುವುದನ್ನು ಒಪ್ಪಲಾರೆ.

ಮೊದಲನೆಯದಾಗಿ, ಒಂದು ತಂಡದಲ್ಲಿ 53 ಆಟಗಾರರಿರುತ್ತಾರೆ; ಧಾರಾವಾಹಿ ಅವರಲ್ಲಿ ನಾಲ್ಕೈದು ಮಂದಿಯನ್ನು ಆರಿಸಿ ಒಬ್ಬೊಬ್ಬರ ಮೇಲೂ ಒಂದೊಂದು ಮಹಾ ಸಂಕಟವನ್ನು ಹೇರುತ್ತದೆ. ವ್ಯಸನ, ಮನೆಯೊಳಗಿನ ಹಿಂಸೆ, ನೋವಿನ ಮಾತ್ರೆ, ಸುಳ್ಳು ಮೂತ್ರದ ಮಾದರಿ, ಗುಪ್ತ ಬದುಕು ಇವೆಲ್ಲವೂ ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ, ಒಂದೇ ಸೀಸನ್‌ನಲ್ಲಿ ಸೇರಿದರೆ ಅದು ಬದುಕಿನ ಚಿತ್ರಣವಾಗುವುದಿಲ್ಲ, ಪ್ರಕರಣಗಳ ಪಟ್ಟಿಯಾಗುತ್ತದೆ.

ಎರಡನೆಯ ಮಾತು ಇನ್ನೂ ಗಂಭೀರವಾದದ್ದು. ಮಾದಕ ವ್ಯಸನಿ ಡಿಮಿಟ್ರಿಯಸ್ ಕಪ್ಪು ಜನಾಂಗದವನು, ಹೆಂಡತಿಯ ಮೇಲೆ ಕೈಮಾಡುವ ಲಿಯಾನ್ ಕಪ್ಪು ಜನಾಂಗದವನು. ತನ್ನ ಹೊಡೆತದ ನೈತಿಕ ಭಾರವನ್ನು ಹೊತ್ತು ಕೊರಗುವ ಸೂಕ್ಷ್ಮ ಮನಸ್ಸಿನ ಓಲ್ಚಿಕ್ ಬಿಳಿಯ. ತಂಡದ ಮಾಲೀಕನೂ ಮುಖ್ಯ ತರಬೇತುದಾರನೂ ಬಿಳಿಯರು. ಬಹುಪಾಲು ಆಟಗಾರರು ಕಪ್ಪು ಜನಾಂಗದವರಾಗಿರುವ ಆಟದ ಕಥೆಯಲ್ಲಿ ಪಾಪಗಳನ್ನು ಒಂದು ಬಣ್ಣಕ್ಕೂ ಪಾಪಪ್ರಜ್ಞೆಯನ್ನು ಇನ್ನೊಂದು ಬಣ್ಣಕ್ಕೂ ಹಂಚಿದರೆ ನೋಡುಗನ ಮನಸ್ಸಿನಲ್ಲಿ ಏನು ಉಳಿಯುತ್ತದೆ? ಆಟಗಾರರ ಸಂಘದ ಮುಖ್ಯಸ್ಥರಾಗಿದ್ದ ಜೀನ್ ಅಪ್‌ಶಾ ಕೂಡ ಈ ಧಾರಾವಾಹಿಯನ್ನು ಟೀಕಿಸಿದ್ದರು. ಅವರು ಸ್ವತಃ ಓಕ್‌ಲೆಂಡ್ ರೈಡರ್ಸ್ ಪರ ಆಡಿದ ಕಪ್ಪು ಜನಾಂಗದ ಮಹಾನ್ ಆಟಗಾರರು. ಅವರ ಅಸಮಾಧಾನವನ್ನು ಮಾಲೀಕರ ಅಸಮಾಧಾನದ ಜೊತೆಗೆ ಒಂದೇ ಚೀಲಕ್ಕೆ ಹಾಕಿ ಕಟ್ಟಬಾರದು.

ತುಂಗಾತೀರ

ಬಯಲುಸೀಮೆಯವರೇ, ನಿಮ್ಮ ಎರಡನೆಯ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅಂದು ನೋಡುವಾಗ ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಅಮೆರಿಕಕ್ಕೆ ಬಂದು ಎರಡು ವರ್ಷವಾಗಿದ್ದ ನನಗೆ ಅದನ್ನು ಕಾಣುವ ಕಣ್ಣೇ ಇರಲಿಲ್ಲ ಎನ್ನುವುದು ಹೆಚ್ಚು ಸರಿ. ಹಾರ್ನ್ಸ್‌ಬಿಯ ನಟನೆ ಲಿಯಾನ್‌ನನ್ನು ಬರಿಯ ಹಿಂಸಕನಾಗಿ ಉಳಿಯಲು ಬಿಡುವುದಿಲ್ಲ ಎಂಬುದನ್ನು ಮಾತ್ರ ಸೇರಿಸುತ್ತೇನೆ. ತನ್ನ ಜಾಗವನ್ನು ಕಸಿದುಕೊಳ್ಳುತ್ತಿರುವ ಹುಡುಗನಿಗೆ ತಾನೇ ಆಟದ ಗುಟ್ಟು ಹೇಳಿಕೊಡಬೇಕಾಗಿ ಬಂದಾಗ ಆ ಮುಖದಲ್ಲಿ ಮೂಡುವ ಅವಮಾನ ಇನ್ನೂ ನನ್ನ ಕಣ್ಣಮುಂದಿದೆ. ಆದರೂ ಒಬ್ಬ ನಟನ ಶಕ್ತಿ ಬರಹಗಾರರ ಹಂಚಿಕೆಯ ತಪ್ಪನ್ನು ಅಳಿಸುವುದಿಲ್ಲವೆಂದು ಒಪ್ಪುತ್ತೇನೆ.

ಮೊದಲನೆಯ ಮಾತನ್ನು ಮಾತ್ರ ಒಪ್ಪಲಾರೆ. ಪಟ್ಟಿಯೆಂದಿರಿ. ಆ ಪಟ್ಟಿಯ ಒಂದೊಂದೂ ನಂತರದ ವರ್ಷಗಳಲ್ಲಿ ಸುದ್ದಿಯಾಗಿ ಬಂದಿತು. 2005ರಲ್ಲಿ ಮಿನ್ನೆಸೋಟ ತಂಡದ ಆಂಟೇರಿಯೊ ಸ್ಮಿತ್ ಅವರ ಚೀಲದಲ್ಲಿ, ಮೂತ್ರ ಪರೀಕ್ಷೆಯನ್ನು ವಂಚಿಸಲು ಬಳಸುವ ಉಪಕರಣ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿತು. 2014ರಲ್ಲಿ ಬಾಲ್ಟಿಮೋರ್‌ನ ರನ್ನಿಂಗ್ ಬ್ಯಾಕ್ ರೇ ರೈಸ್, ಮುಂದೆ ತನ್ನ ಪತ್ನಿಯಾದ ಹೆಣ್ಣುಮಗಳನ್ನು ಲಿಫ್ಟಿನೊಳಗೆ ಹೊಡೆದು ಕೆಡವಿದ ಪ್ರಕರಣಕ್ಕೆ ಲೀಗು ಮೊದಲು ವಿಧಿಸಿದ್ದು ಎರಡೇ ಪಂದ್ಯಗಳ ನಿಷೇಧ. ಲಿಫ್ಟಿನೊಳಗಿನ ದೃಶ್ಯ ಬಹಿರಂಗವಾದ ಮೇಲಷ್ಟೇ ಶಿಕ್ಷೆ ಹೆಚ್ಚಿತು. ಅದೇ ವರ್ಷ ಆ ವಿಷಯದಲ್ಲಿ ಆ ಹೊತ್ತಿನ ಕಮಿಷನರ್ ರೋಜರ್ ಗುಡೆಲ್ ಸುಳ್ಳು ಹೇಳುತ್ತಿದ್ದಾರೆಂದು ಕಟುವಾಗಿ ಮಾತನಾಡಿದ ತನ್ನದೇ ಅಂಕಣಕಾರ ಬಿಲ್ ಸಿಮನ್ಸ್ ಅವರನ್ನು ಇಎಸ್‌ಪಿಎನ್ ಮೂರು ವಾರ ಅಮಾನತಿನಲ್ಲಿಟ್ಟಿತು. ಇನ್ನು ಸಲಿಂಗಿ ಆಟಗಾರನ ವಿಷಯ. ಎಸೆರಾ ಟುವಾಲೊ 2002ರಲ್ಲಿ ಬಹಿರಂಗವಾಗಿ ಹೇಳಿಕೊಂಡದ್ದು ನಿವೃತ್ತಿಯ ಬಳಿಕ. ಆಡುತ್ತಿರುವಾಗಲೇ ಹಾಗೆ ಹೇಳಿಕೊಂಡ ಮೊದಲ ಎನ್‌ಎಫ್‌ಎಲ್ ಆಟಗಾರ ಕಾರ್ಲ್ ನಸಿಬ್ ಎದ್ದು ನಿಂತದ್ದು 2021ರಲ್ಲಿ. ಧಾರಾವಾಹಿ ಬಂದುಹೋಗಿ ಆಗಲೇ 18 ವರ್ಷಗಳಾಗಿದ್ದವು. ಉತ್ಪ್ರೇಕ್ಷೆಯೆಂದು ಕರೆದದ್ದಕ್ಕೆ ಕಾಲ ಇಷ್ಟೊಂದು ಸಾಕ್ಷಿಗಳನ್ನು ಒದಗಿಸುತ್ತದೆಯೇ?

ವೈದ್ಯಮಿತ್ರ

ನಾನು ನರರೋಗ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ, ಮೈಸೂರಿನವನು. ಧಾರಾವಾಹಿಯನ್ನು ನೋಡಿಲ್ಲ. ಆದರೆ ನೀವೆಲ್ಲರೂ ಬರೆದ ಪಟ್ಟಿಯಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವ ಸಂಗತಿಯನ್ನು ಇನ್ನೂ ಯಾರೂ ಎತ್ತಿಲ್ಲ: ಮೆದುಳು.

ತುಂಗಾತೀರ ಅವರು ಪಿಟ್ಸ್‌ಬರ್ಗ್‌ನಲ್ಲಿ ಟಿವಿಯ ಮುಂದೆ ಕುಳಿತಿದ್ದ ಕಾಲಕ್ಕೇ, ಅದೇ ಊರಿನ ಶವಪರೀಕ್ಷಾ ವಿಭಾಗದಲ್ಲಿ ಬೆನೆಟ್ ಒಮಾಲು ಎಂಬ ನೈಜೀರಿಯಾ ಮೂಲದ ವೈದ್ಯರೊಬ್ಬರು ಸ್ಟೀಲರ್ಸ್ ತಂಡದ ಹಳೆಯ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮೆದುಳಿನ ಅಧ್ಯಯನದಲ್ಲಿ ತೊಡಗಿದ್ದರು. ವೆಬ್‌ಸ್ಟರ್ 2002ರ ಸೆಪ್ಟೆಂಬರ್‌ನಲ್ಲಿ ತಮ್ಮ 50ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಕೊನೆಯ ವರ್ಷಗಳಲ್ಲಿ ಅವರ ನೆನಪೂ ನಡವಳಿಕೆಯೂ ಕದಡಿಹೋಗಿದ್ದವು. ಹೊರಗಿನಿಂದ ಸಾಮಾನ್ಯವಾಗಿಯೇ ಕಾಣುತ್ತಿದ್ದ ಆ ಮೆದುಳನ್ನು ತೆಳ್ಳಗೆ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಟೌ ಎಂಬ ಪ್ರೋಟೀನ್ ಅಲ್ಲಲ್ಲಿ ಗಂಟುಗಂಟಾಗಿ ಸೇರಿಕೊಂಡದ್ದು ಕಂಡಿತು. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಬರುವ, ಇಂದು ಸಿಟಿಇ ಎಂದು ಕರೆಯುವ ಈ ಕಾಯಿಲೆಯನ್ನು ಎನ್‌ಎಫ್‌ಎಲ್ ಆಟಗಾರರೊಬ್ಬರಲ್ಲಿ ಮೊದಲ ಬಾರಿಗೆ ದಾಖಲಿಸಿದ ಪ್ರಬಂಧ 2005ರಲ್ಲಿ ಪ್ರಕಟವಾಯಿತು. ಲೀಗು ತಾನೇ ನೇಮಿಸಿದ್ದ ಮೆದುಳಿನ ಗಾಯಗಳ ಸಮಿತಿಯ ವೈದ್ಯರು ಆ ಪ್ರಬಂಧವನ್ನು ಹಿಂದೆಗೆಯಬೇಕೆಂದು ಒತ್ತಾಯಿಸಿದರು. ಆ ಸಮಿತಿಯ ಅಧ್ಯಕ್ಷರಾಗಿದ್ದವರು ನರರೋಗ ತಜ್ಞರಲ್ಲ, ಕೀಲುವಾತದ ತಜ್ಞರು. ಇಂಥ ಪೆಟ್ಟುಗಳಿಗೆ ದೀರ್ಘಕಾಲದ ಪರಿಣಾಮವಿರಬಹುದೆಂದು ಲೀಗಿನ ವಕ್ತಾರರು ಬಹಿರಂಗವಾಗಿ ಒಪ್ಪಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಪ್ರಜ್ಞೆ ತಪ್ಪಿಸುವ ದೊಡ್ಡ ಹೊಡೆತ ಮಾತ್ರ ಅಪಾಯಕಾರಿ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಪ್ರತಿ ಪಂದ್ಯದಲ್ಲೂ ಪ್ರತಿ ಅಭ್ಯಾಸದಲ್ಲೂ ಹತ್ತಾರು ಬಾರಿ ಬೀಳುವ, ಆಟಗಾರ ಲೆಕ್ಕಕ್ಕೇ ತೆಗೆದುಕೊಳ್ಳದ ಸಣ್ಣ ಪೆಟ್ಟುಗಳೂ ಒಂದರ ಮೇಲೊಂದು ಕೂಡುತ್ತಾ ಹೋಗುತ್ತವೆ. ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ತಡೆಯುತ್ತದೆ. ಬುರುಡೆಯೊಳಗೆ ಮೆದುಳು ಅಲುಗಾಡುವುದನ್ನು ತಡೆಯಲಾರದು. ಆದ್ದರಿಂದ ಓಲ್ಚಿಕ್ ಎಂಬ ಪಾತ್ರದ ಕಥೆಯನ್ನು ಓದಿದಾಗ ನನಗೆ ಅನಿಸಿದ್ದು, ಧಾರಾವಾಹಿ ಅತಿಯಾಗಿ ಹೇಳಿಲ್ಲ, ಕಡಿಮೆಯೇ ಹೇಳಿದೆ. ಅವನು ತಾನು ಹೊಡೆದವನಿಗಾಗಿ ಮರುಗುತ್ತಾನೆ. ಹೊಡೆಯುತ್ತಾ ಹೊಡೆಯುತ್ತಾ ತನ್ನ ತಲೆಯೊಳಗೆ ಏನಾಗುತ್ತಿದೆ ಎಂಬುದು 2003ರಲ್ಲಿ ಅವನಿಗೂ ತಿಳಿದಿರಲು ಸಾಧ್ಯವಿರಲಿಲ್ಲ, ಅವನನ್ನು ಬರೆದವರಿಗೂ.

ಹಳೆಯ ಫುಲ್‌ಬ್ಯಾಕ್

ಎಲ್ಲರಿಗೂ ನಮಸ್ಕಾರ. ಅಮೆರಿಕದ ಫುಟ್‌ಬಾಲ್ ನನಗೆ ಗೊತ್ತಿಲ್ಲ. ನಾನು ಕೊಡಗಿನವನು, ಹಾಕಿ ಆಡುತ್ತಿದ್ದವನು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದೆ, ನಂತರ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿ ಆ ಸಂಸ್ಥೆಯ ಪರವಾಗಿ ಆರು ವರ್ಷ ಆಡಿದೆ. ತುಂಗಾತೀರ ಅವರು ಬರೆದ ‘ತನ್ನ ಜಾಗ ಇನ್ನೊಬ್ಬನ ಪಾಲಾಗುವುದು’ ಎಂಬ ಮಾತನ್ನು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ.

ಒಂದು ಪಂದ್ಯಾವಳಿಯ ಸೆಮಿಫೈನಲ್‌ಗೆ ಮುನ್ನ ನನ್ನ ಬಲ ಮೊಣಕಾಲು ಊದಿಕೊಂಡಿತ್ತು. ನಮ್ಮ ತಂಡದ ಜೊತೆಗಿದ್ದ ವೈದ್ಯರು ನೋಡಿ, ಒಂದು ಚುಚ್ಚುಮದ್ದು ಕೊಟ್ಟರೆ ಆಡಬಹುದೆಂದರು. ಆಡಬೇಕೋ ಬೇಡವೋ ಎಂದು ನನ್ನನ್ನು ಯಾರೂ ಬಲವಂತ ಮಾಡಲಿಲ್ಲ. ಅದೇ ಅದರಲ್ಲಿನ ಕಷ್ಟ. ಮ್ಯಾನೇಜರು ನನ್ನ ಎದುರಿಗೇ ಇನ್ನೊಬ್ಬ ಹುಡುಗನಿಗೆ ಶೂ ಹಾಕಿಕೊಂಡು ಸಿದ್ಧನಾಗಿರಲು ಹೇಳಿದರು, ಅಷ್ಟೇ. ನಾನು ಚುಚ್ಚಿಸಿಕೊಂಡೆ. 70 ನಿಮಿಷ ಆಡಿದೆ, ನೋವೇ ತಿಳಿಯಲಿಲ್ಲ, ನಾವು ಗೆದ್ದೆವು. ಮರುದಿನ ಬೆಳಿಗ್ಗೆ ಮಂಚದಿಂದ ಇಳಿಯಲಾಗಲಿಲ್ಲ. ಮತ್ತೆ ಎಂದೂ ಆ ಕಾಲು ಸರಿಹೋಗಲಿಲ್ಲ. ಇಂದಿಗೂ ಮೆಟ್ಟಿಲು ಇಳಿಯುವಾಗ ಕೈ ಗೋಡೆಯನ್ನು ಹುಡುಕುತ್ತದೆ. ನೋವು ಎನ್ನುವುದು ದೇಹ ಕೊಡುವ ಎಚ್ಚರಿಕೆ ಎಂದು ಆಗ ನನಗೆ ಹೇಳಿದವರಿಲ್ಲ. ಹೇಳಿದ್ದರೂ ಆ ಹುಡುಗ ಶೂ ಹಾಕಿಕೊಂಡು ನಿಂತಿರುವಾಗ ನಾನು ಕೇಳುತ್ತಿದ್ದೆನೆಂದು ನಂಬುವುದಿಲ್ಲ.

ನನ್ನದೊಂದು ಪ್ರಶ್ನೆಯಿದೆ. ಕೋಟ್ಯಂತರ ಹಣ ಪಡೆಯುವ ಅಲ್ಲಿನ ಆಟಗಾರರಿಗೂ ಈ ಭಯವಿರುತ್ತದೆಯೇ? ಅವರಿಗೆ ಗುತ್ತಿಗೆಯ ಭದ್ರತೆ ಇರುವುದಿಲ್ಲವೇ?

ತುಂಗಾತೀರ

ಸರ್, ನಿಮ್ಮ ಬರಹವನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನಿಮ್ಮ ಪ್ರಶ್ನೆಗೆ ಉತ್ತರ: ಭದ್ರತೆ ನಾವು ಅಂದುಕೊಂಡಷ್ಟು ಇರುವುದಿಲ್ಲ. ಅಮೆರಿಕದ ಬೇಸ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಆಟಗಾರರ ಒಪ್ಪಂದದ ಹಣ ಬಹುಮಟ್ಟಿಗೆ ಖಚಿತವಾದದ್ದು. ಎನ್‌ಎಫ್‌ಎಲ್‌ನಲ್ಲಿ ಪತ್ರಿಕೆಗಳಲ್ಲಿ ಬರುವ ದೊಡ್ಡ ಮೊತ್ತದ ಬಹುಪಾಲು ಖಚಿತವಲ್ಲ. ಸಹಿ ಮಾಡುವಾಗ ಕೊಡುವ ಬೋನಸ್ ಕೈಸೇರುತ್ತದೆ. ಉಳಿದ ವರ್ಷಗಳ ಸಂಬಳ ತಂಡ ಅವನನ್ನು ಉಳಿಸಿಕೊಂಡರೆ ಉಂಟು, ಕೈಬಿಟ್ಟರೆ ಇಲ್ಲ. ಕೆಲವೇ ತಾರೆಯರ ಸ್ಥಿತಿ ಇತ್ತೀಚೆಗೆ ಸುಧಾರಿಸಿದೆ. ತಂಡದ ಪಟ್ಟಿಯ ಕೊನೆಯ ಇಪ್ಪತ್ತು ಮಂದಿಗೆ ಪ್ರತಿ ಮಂಗಳವಾರವೂ ಪರೀಕ್ಷೆಯೇ, ಏಕೆಂದರೆ ಹಿಂದಿನ ಪಂದ್ಯದ ಬಳಿಕ ತಂಡಗಳು ಹೊಸಬರನ್ನು ಕರೆಸಿ ಓಡಿಸಿ ನೋಡುವ ದಿನ ಸಾಮಾನ್ಯವಾಗಿ ಅದೇ. ಶೂ ಹಾಕಿಕೊಂಡು ನಿಂತ ಆ ಹುಡುಗ ಅಲ್ಲಿಯೂ ಬಾಗಿಲಲ್ಲೇ ನಿಂತಿರುತ್ತಾನೆ.

ಚುಚ್ಚುಮದ್ದೂ ಅದೇ. ಟೊರಡಾಲ್ ಎಂಬ ನೋವುನಿವಾರಕವನ್ನು ಪಂದ್ಯಕ್ಕೆ ಮುನ್ನ ಆಟಗಾರರು ಸಾಲಾಗಿ ನಿಂತು ಚುಚ್ಚಿಸಿಕೊಳ್ಳುತ್ತಿದ್ದರೆಂದು ಹಲವು ಮಾಜಿ ಆಟಗಾರರು ಹೇಳಿದ್ದಾರೆ. ರಿಚರ್ಡ್ ಡೆಂಟ್ ಮೊದಲಾದ ಮಾಜಿ ಆಟಗಾರರು 2014ರಲ್ಲಿ, ಅಪಾಯವನ್ನು ತಿಳಿಸದೆ ತಮಗೆ ನೋವುನಿವಾರಕಗಳನ್ನು ಕೊಡಲಾಯಿತೆಂದು ಲೀಗಿನ ಮೇಲೆ ಮೊಕದ್ದಮೆ ಹೂಡಿದರು.

ವೈದ್ಯಮಿತ್ರ ಅವರ ಬರಹ ನನಗೆ ನನ್ನ ಅಜ್ಜನನ್ನು, ಅಂದರೆ ಆ ಕೆಳಮನೆಯ ಅಜ್ಜನನ್ನು, ನೆನಪಿಸಿತು. ಓಲ್ಚಿಕ್‌ನ ಕಥೆ ಬರುವಾಗಲೆಲ್ಲ ಅವರು ಡ್ಯಾರಿಲ್ ಸ್ಟಿಂಗ್ಲಿಯ ಹೆಸರು ಹೇಳುತ್ತಿದ್ದರು. 1978ರ ಆಗಸ್ಟ್‌ನಲ್ಲಿ, ಲೆಕ್ಕಕ್ಕೂ ಬಾರದ ಪೂರ್ವಭಾವಿ ಪಂದ್ಯವೊಂದರಲ್ಲಿ, ಜ್ಯಾಕ್ ಟೇಟಂ ಹೊಡೆತಕ್ಕೆ ಸಿಕ್ಕಿ ಸ್ಟಿಂಗ್ಲಿಯ ಕುತ್ತಿಗೆಯ ಮೂಳೆ ಮುರಿಯಿತು. ಅವರು 2007ರಲ್ಲಿ ತೀರಿಕೊಳ್ಳುವವರೆಗೂ ಗಾಲಿಕುರ್ಚಿಯಲ್ಲಿಯೇ ಇದ್ದರು. ಅದು ಅಂದಿನ ನಿಯಮದ ಪ್ರಕಾರ ತಪ್ಪಾದ ಹೊಡೆತವೂ ಆಗಿರಲಿಲ್ಲ. ಅಜ್ಜ ಆ ವಿಷಯ ಹೇಳಿ ಟಿವಿಯ ಸದ್ದು ಕಡಿಮೆ ಮಾಡುತ್ತಿದ್ದರು. ಅಷ್ಟು ವರ್ಷ ಪ್ರತಿ ಭಾನುವಾರ ಹೊಡೆತಗಳಿಗೆ ಕೇಕೆ ಹಾಕಿದ ಮನುಷ್ಯ, ಮಂಗಳವಾರದ ಕಟ್ಟುಕಥೆಯ ಎದುರು ಮೌನವಾಗುತ್ತಿದ್ದರು. ಲೀಗು ಹೆದರಿದ್ದು ಮಾದಕ ವಸ್ತುವಿನ ದೃಶ್ಯಕ್ಕಿಂತ ಹೆಚ್ಚಾಗಿ ಈ ಮೌನಕ್ಕೇ ಇರಬೇಕೆಂದು ನಾನು ನಂಬುತ್ತೇನೆ. ಮಂಗಳವಾರ ಮೌನವಾದವನು ಮುಂದಿನ ಭಾನುವಾರ ಹಿಂದಿನಂತೆಯೇ ಕೇಕೆ ಹಾಕುವನೆಂಬ ಖಾತರಿ ಯಾರಿಗೂ ಇರಲಿಲ್ಲ.

ಮೂರನೇ ಅಂಕ

ನಮ್ಮ ಕಡೆಯ ಒಂದು ಹೋಲಿಕೆಯನ್ನು ಚುಟುಕಾಗಿ ಹೇಳುತ್ತೇನೆ, ಚರ್ಚೆ ಕ್ರಿಕೆಟ್ಟಿನತ್ತ ಹರಿಯಬಾರದೆಂಬ ಎಚ್ಚರದಿಂದಲೇ. ಭಾರತದಲ್ಲಿ ನಡೆಯುವ ಪಂದ್ಯಗಳ ಪ್ರಸಾರವನ್ನು ಬಿಸಿಸಿಐ ಬಹುಕಾಲ ತಾನೇ ನಿರ್ಮಿಸುತ್ತಾ, ವೀಕ್ಷಕ ವಿವರಣೆಕಾರರನ್ನೂ ತಾನೇ ನೇಮಿಸಿಕೊಂಡು ಬಂದಿತು. 2013ರಲ್ಲಿ ಆಸ್ಟ್ರೇಲಿಯಾ ತಂಡದ ಭಾರತ ಪ್ರವಾಸದ ಸಂದರ್ಭದಲ್ಲಿ ಡಿಆರ್‌ಎಸ್ (ಅಂಪೈರ್ ತೀರ್ಪಿನ ಮರುಪರಿಶೀಲನೆ), ತಂಡದ ಆಯ್ಕೆ, ಮಂಡಳಿಯ ಆಡಳಿತ ಇವುಗಳ ಬಗ್ಗೆ ಮಾತನಾಡಬಾರದೆಂಬ ಷರತ್ತಿದೆಯೆಂದು ಇಯಾನ್ ಚಾಪೆಲ್ ಆ ಕೆಲಸವನ್ನೇ ನಿರಾಕರಿಸಿದ್ದರು. 2016ರ ಐಪಿಎಲ್‌ನ ವಿವರಣೆಕಾರರಲ್ಲಿ ಹರ್ಷ ಭೋಗ್ಲೆ ಇರಲಿಲ್ಲ, 2020ರಲ್ಲಿ ಸಂಜಯ್ ಮಾಂಜ್ರೇಕರ್ ಅವರನ್ನು ಕೈಬಿಡಲಾಯಿತು. ನೇರ ಪ್ರಸಾರದ ಮಾತಿಗೇ ಇಷ್ಟು ಬಿಗಿಯಿರುವಾಗ, ಆಟಗಾರರ ಖಾಸಗಿ ಭಯಗಳ ಬಗ್ಗೆ ಹಕ್ಕುದಾರ ವಾಹಿನಿಗೆ ಕಥೆ ಕೊಂಡೊಯ್ಯಲು ನಾನೇ ಹಿಂಜರಿಯುತ್ತೇನೆ. ಕಥೆ ತಿರಸ್ಕೃತವಾಗುತ್ತದೆಯೆಂದಲ್ಲ, ಅದನ್ನು ಬರೆಯುವ ಮೊದಲೇ ನನ್ನ ಕೈ ಅಂಚುಗಳನ್ನು ಸವರಲು ಆರಂಭಿಸುತ್ತದೆ. ನಿಲ್ಲಿಸಲಾದ ಧಾರಾವಾಹಿಯ ಲೆಕ್ಕ ಎಲ್ಲರಿಗೂ ಸಿಗುತ್ತದೆ, ಹೀಗೆ ಬರೆಯದೆ ಉಳಿದವುಗಳ ಲೆಕ್ಕ ಯಾರಲ್ಲೂ ಇರುವುದಿಲ್ಲ.

ಬಯಲುಸೀಮೆ

ನನ್ನ ಮೊದಲ ಆಕ್ಷೇಪವನ್ನು ಸ್ವಲ್ಪ ಸಡಿಲಿಸುತ್ತೇನೆ. ಕಾಲ ಒದಗಿಸಿದ ಸಾಕ್ಷಿಗಳನ್ನು ನಿರಾಕರಿಸುವುದು ಕಷ್ಟ. ಬಣ್ಣದ ವಿಷಯದಲ್ಲಿ ನನ್ನ ನಿಲುವು ಹಾಗೆಯೇ ಇದೆ.

ತುಂಗಾತೀರ ಅವರ ಮೂಲ ಪ್ರಶ್ನೆಗೆ ಹಿಂದಿರುಗುವುದಾದರೆ, ಹಕ್ಕು ಕೊಳ್ಳದವರು ಕಥೆ ಹೇಳಿದ್ದಾರೆ. ಪಂದ್ಯಗಳ ಪ್ರಸಾರ ಹಕ್ಕಿಲ್ಲದ ಎಚ್‌ಬಿಒ ವಾಹಿನಿ 2015ರಿಂದ 2019ರವರೆಗೆ ಐದು ಸೀಸನ್‌ಗಳ ಕಾಲ ‘ಬಾಲರ್ಸ್’ ಎಂಬ ಧಾರಾವಾಹಿಯನ್ನು ನಡೆಸಿತು. ಅದರಲ್ಲಿ ನಿಜವಾದ ತಂಡಗಳ ಹೆಸರು, ಲಾಂಛನಗಳನ್ನೇ ಲೀಗಿನ ಅನುಮತಿಯಿಲ್ಲದೆ ಬಳಸಿಕೊಂಡಿತು, ಯಾರೂ ಅದನ್ನು ನಿಲ್ಲಿಸಲಿಲ್ಲ. ನಮ್ಮಲ್ಲಿಯೂ ಅಮೆಜಾನ್ 2017ರಲ್ಲಿ ಟಿ20 ಲೀಗಿನ ಒಳಗಿನ ಭ್ರಷ್ಟತೆಯ ಕಥೆಯುಳ್ಳ ‘ಇನ್‌ಸೈಡ್ ಎಡ್ಜ್’ ಅನ್ನು ತಂದು ಮೂರು ಸೀಸನ್ ಓಡಿಸಿತು. ಹಾಗಾಗಿ ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ ‘ಬಾಲರ್ಸ್’ನಲ್ಲಿ ದುಬಾರಿ ಕಾರುಗಳು ಕಂಡಷ್ಟು ಭಯ ಕಾಣಲಿಲ್ಲ.

ತುಂಗಾತೀರ

ಬಯಲುಸೀಮೆಯವರ ಉದಾಹರಣೆಗಳು ಸರಿಯಾಗಿವೆ. ನನ್ನ ಆತಂಕ ಮಾತ್ರ ಅಲ್ಲಿಂದಲೇ ಹುಟ್ಟುತ್ತದೆ. ಇಂದು ಪಂದ್ಯಗಳ ಹಕ್ಕುಗಳು ಹಳೆಯ ವಾಹಿನಿಗಳಿಂದ ಕಥೆ ಹೇಳುವ ವೇದಿಕೆಗಳತ್ತ ಸರಿಯುತ್ತಿವೆ. ಅಮೆಜಾನ್ 2022ರಿಂದ ಗುರುವಾರ ರಾತ್ರಿಯ ಎನ್‌ಎಫ್‌ಎಲ್ ಪಂದ್ಯಗಳನ್ನು ತೋರಿಸುತ್ತಿದೆ, ನೆಟ್‌ಫ್ಲಿಕ್ಸ್ 2024ರಿಂದ ಕ್ರಿಸ್‌ಮಸ್ ದಿನದ ಪಂದ್ಯಗಳನ್ನು ತೋರಿಸುತ್ತಿದೆ. ಹಕ್ಕು ಕೊಳ್ಳದವರ ಸಂಖ್ಯೆಯೇ ಕಡಿಮೆಯಾಗುತ್ತಿದೆ.

2013ರಲ್ಲಿ ನಡೆದದ್ದನ್ನು ಕೂಡ ಇಲ್ಲಿ ಸೇರಿಸಬೇಕು, ವೈದ್ಯಮಿತ್ರ ಅವರ ವಿಷಯಕ್ಕೂ ಇದು ತಾಗುತ್ತದೆ. ಮೆದುಳಿನ ಗಾಯಗಳ ಬಗ್ಗೆ ಲೀಗು ನಡೆದುಕೊಂಡ ರೀತಿಯನ್ನು ಕುರಿತು ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಪಿಬಿಎಸ್‌ನ ‘ಫ್ರಂಟ್‌ಲೈನ್’ ತಂಡ ಮತ್ತು ಇಎಸ್‌ಪಿಎನ್‌ನ ಪತ್ರಕರ್ತರು ಒಂದು ವರ್ಷಕ್ಕೂ ಹೆಚ್ಚು ಕಾಲ ಜೊತೆಯಾಗಿ ಸಾಕ್ಷ್ಯಚಿತ್ರವೊಂದಕ್ಕೆ ದುಡಿದಿದ್ದರು. ಆಗಸ್ಟ್‌ನಲ್ಲಿ ಇಎಸ್‌ಪಿಎನ್ ಅದರಿಂದ ತನ್ನ ಹೆಸರು ಮತ್ತು ಲಾಂಛನವನ್ನು ತೆಗೆಸಿತು. ಸಂಪಾದಕೀಯ ನಿಯಂತ್ರಣ ತಮ್ಮಲ್ಲಿಲ್ಲವೆಂಬುದು ಅವರು ಕೊಟ್ಟ ಕಾರಣ. ಲೀಗಿನ ಒತ್ತಡವಿತ್ತೆಂದು ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು, ಲೀಗು ಮತ್ತು ವಾಹಿನಿ ಎರಡೂ ಅದನ್ನು ಅಲ್ಲಗಳೆದವು. ಅದೇ ತಿಂಗಳ ಕೊನೆಯಲ್ಲಿ ಲೀಗು, ಮೆದುಳಿನ ಗಾಯಗಳಿಗಾಗಿ ಮೊಕದ್ದಮೆ ಹೂಡಿದ್ದ ಮಾಜಿ ಆಟಗಾರರ ಜೊತೆ 76.5 ಕೋಟಿ ಡಾಲರ್‌ಗಳ ರಾಜಿ ಒಪ್ಪಂದವನ್ನು ಪ್ರಕಟಿಸಿತು. ಸಾಕ್ಷ್ಯಚಿತ್ರ ಅಕ್ಟೋಬರ್‌ನಲ್ಲಿ ಪಿಬಿಎಸ್‌ನಲ್ಲಿ ಪ್ರಸಾರವಾಯಿತು. ಆ ಚಿತ್ರ ಉಳಿದದ್ದು ಜಾಹೀರಾತನ್ನೂ ಪಂದ್ಯದ ಹಕ್ಕನ್ನೂ ನಂಬಿಕೊಳ್ಳದ ಸಂಸ್ಥೆಯೊಂದು ಜೊತೆಗಿದ್ದುದರಿಂದ.

2025ರ ಆಗಸ್ಟ್‌ನಲ್ಲಿ ಇಎಸ್‌ಪಿಎನ್ ಮತ್ತು ಎನ್‌ಎಫ್‌ಎಲ್ ಹೊಸದೊಂದು ಒಪ್ಪಂದವನ್ನು ಘೋಷಿಸಿದವು. ಅದರ ಪ್ರಕಾರ ಲೀಗಿನ ಸ್ವಂತ ವಾಹಿನಿ ಇಎಸ್‌ಪಿಎನ್‌ಗೆ, ಪ್ರತಿಯಾಗಿ ಇಎಸ್‌ಪಿಎನ್‌ನ ಶೇ. 10ರಷ್ಟು ಒಡೆತನ ಲೀಗಿಗೆ. 2004ರಲ್ಲಿ ಶಪೀರೊ ಅವರ ಬಾಯಲ್ಲಿ ‘ಪಾಲುದಾರ’ ಎಂಬುದು ವ್ಯವಹಾರದ ಮಾತಾಗಿತ್ತು. ಈಗ ಅದು ಷೇರು ಪತ್ರದ ಮೇಲೆ ಬರೆಯುವ ಮಾತಾಗಿದೆ.

ಹಳೆಯ ಫುಲ್‌ಬ್ಯಾಕ್

ನನ್ನ ಪ್ರಶ್ನೆಗೆ ಅಷ್ಟು ವಿವರವಾಗಿ ಉತ್ತರಿಸಿದ್ದಕ್ಕೆ ಧನ್ಯವಾದಗಳು. ನನ್ನ ಮಗನಿಗೆ ಹದಿನೇಳು ವರ್ಷ, ಕ್ರೀಡಾ ವಸತಿನಿಲಯದಲ್ಲಿದ್ದು ಹಾಕಿ ಆಡುತ್ತಿದ್ದಾನೆ. ನನ್ನ ಮೊಣಕಾಲಿನ ಕಥೆಯನ್ನು ಅವನಿಗೆ ಇದುವರೆಗೆ ಪೂರ್ತಿಯಾಗಿ ಹೇಳಿಲ್ಲ. ಬಿದ್ದು ಪೆಟ್ಟಾಯಿತೆಂದಷ್ಟೇ ಅವನಿಗೆ ಗೊತ್ತು. ಆ ಲೈನ್‌ಬ್ಯಾಕರ್‌ನ ಸಂಚಿಕೆಗಳನ್ನು ಅವನ ಜೊತೆ ಕುಳಿತು ನೋಡಬೇಕೆಂದು ಆಸೆಯಾಗಿದೆ. ಎಲ್ಲಿ ಸಿಗುತ್ತದೆ?

ತುಂಗಾತೀರ

ಸರ್, ಆ 11 ಸಂಚಿಕೆಗಳ ಡಿವಿಡಿ ಪೆಟ್ಟಿಗೆ ನನ್ನಲ್ಲಿದೆ. ಡಿಸೆಂಬರ್ ಎರಡನೆಯ ವಾರ ಶಿವಮೊಗ್ಗಕ್ಕೆ ಬರುತ್ತಿದ್ದೇನೆ, ಅಲ್ಲಿಂದ ಮೈಸೂರಿಗೂ ಬರುವುದಿದೆ. ಅಮೆರಿಕದ ಡಿವಿಡಿಗಳು ಭಾರತದ ಪ್ಲೇಯರ್‌ಗಳಲ್ಲಿ ಓಡದೆ ಇರಬಹುದು, ಆದ್ದರಿಂದ ನನ್ನ ಹಳೆಯ ಲ್ಯಾಪ್‌ಟಾಪನ್ನೂ ಜೊತೆಗೆ ತರುತ್ತೇನೆ. ಕನ್ನಡದ ಅಡಿಬರಹವಿಲ್ಲ, ಒಳಗಿನ ದನಿಯ ಮಾತುಗಳನ್ನು ಮಾತ್ರವಾದರೂ ನಾನು ಕನ್ನಡದಲ್ಲಿ ಬರೆದು ತರಲು ಪ್ರಯತ್ನಿಸುತ್ತೇನೆ. ಮಗನಿಗೆ ರಜೆ ಯಾವಾಗ ಆರಂಭವೆಂದು ತಿಳಿಸಿ.